ಐದನೆಯ ತೂತು

ಕತಾರಿನಲ್ಲಿದ್ದಾಗ ಮುಐದರ್‌ನ ನಮ್ಮ ಬಾಡಿಗೆ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಿಮ್ಮ ಅಜ್ಜ ಒಂದು ಸಣ್ಣ ಮಿಲ್ಲಿಂಗ್ ಮಷೀನ್ ಇಟ್ಟುಕೊಂಡಿದ್ದರು. ಶುಕ್ರವಾರ ಕಂಪನಿಗೆ ರಜೆ, ಅವರಿಗೆ ಅಲ್ಲೇ ಕೆಲಸ. ದುಂಡು ಪ್ಲೇಟಿನ ಸುತ್ತ ಸಮ ಅಂತರದಲ್ಲಿ ತೂತು ಹಾಕಲು ಮಷೀನಿನ ಮೇಲೆ ತಿರುಗುವ ಟೇಬಲ್ ಇತ್ತು. ಅದರ ಹಿಡಿಕೆಯನ್ನು ಎಪ್ಪತ್ತೆರಡು ಸಲ ತಿರುಗಿಸಿದರೆ ಟೇಬಲ್ ಒಂದು ಸುತ್ತು ಬರುತ್ತಿತ್ತು. ಆರು ತೂತು ಬೇಕಾದರೆ ಒಂದೊಂದಕ್ಕೂ ಹನ್ನೆರಡು ಸುತ್ತು. ತಿರುಗಿಸಿ ಎಣಿಸಿ, ಹಿಡಿಕೆಯನ್ನು ಗುರುತಿನ ಗೆರೆಗೆ ಸರಿಯಾಗಿ ನಿಲ್ಲಿಸುವ ಕೆಲಸ ನನ್ನದು. ನಾಲ್ಕನೇ ಇಯತ್ತೆ ಓದಿದವಳಿಗೆ ಅದೇ ಹೆಮ್ಮೆ.

"ಗೆರಿ ದಾಟಿತಂದ್ರ ಹಂಗ ಹಿಂದ ತಂದು ನಿಲ್ಲಿಸಬ್ಯಾಡ," ಎಂದು ಕಲಿಸಿದ್ದರು. "ಒಳಗ ಗೇರಿನ ಹಲ್ಲಿನಾಗ ಸಡಿಲ ಇರತೈತಿ. ಹಿಡಕಿ ಹಿಂದ ಬಂದ್ರೂ ಟೇಬಲ್ ಬರೂದಿಲ್ಲ. ಅರ್ಧ ಸುತ್ತ ಹಿಂದ ಹೋಗಿ ಮತ್ತ ಮುಂದ ಬಾ."

ಒಂದು ಶುಕ್ರವಾರ ಮಂಗಳೂರು ಕಡೆಯ ಬ್ಯಾರಿ ಅಂಗಡಿಯವರೊಬ್ಬರು ಪಂಪಿನ ಪ್ಲೇಟ್ ಮಾಡಿಸಲು ಬಂದು ಅಲ್ಲೇ ಕುಳಿತರು.

"ಎಂತ ಭಾಯಿ, ಅಕ್ಕನನ್ನೇ ಫೋರ್‌ಮನ್ ಮಾಡಿದ್ದೀರಾ?"

"ಹೂಂನ್ರಿ, ಪಗಾರ ಕೇಳೂದಿಲ್ಲ ಈಕಿ," ಎಂದರು ಅಜ್ಜ.

ನಾನು ಸೆರಗು ಎಳೆದುಕೊಂಡೆ. ಐದನೆಯ ತೂತಿಗೆ ತಿರುಗಿಸುವಾಗ ಹಿಡಿಕೆ ಗೆರೆ ದಾಟಿತು, ಕೂದಲೆಳೆಯಷ್ಟು. ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದರೆ ನಾನು ತಪ್ಪಿದ್ದು ಆ ಪರಗಂಡಸಿಗೆ ಗೊತ್ತಾಗುತ್ತದಲ್ಲ ಎಂಬ ನಾಚಿಕೆ. ಬೆರಳಿನಿಂದ ಮೆಲ್ಲಗೆ ಗೆರೆಗೆ ತಂದು, "ಆತ್ರಿ," ಎಂದೆ. ಅವರು ತೂತು ಹಾಕಿದರು.

ಎರಡು ದಿನಕ್ಕೆ ಆ ಪ್ಲೇಟ್ ವಾಪಸು ಬಂತು.

"ಐದು ಬೋಲ್ಟ್ ಕೂತಿತು ಭಾಯಿ, ಒಂದು ಮಾತ್ರ ಮಾಫಿ, ಕೂರುವುದೇ ಇಲ್ಲ. ತೂತಿಗೆ ಸ್ವಲ್ಪ ಫೈಲ್ ಹೊಡೆದು ಉಜ್ಜಿದರೆ ಖಲಾಸ್."

ಅಜ್ಜನ ಕೈಯ ಕೆಲಸ ಅಲ್ಲಿಯವರೆಗೆ ಒಮ್ಮೆಯೂ ವಾಪಸು ಬಂದಿರಲಿಲ್ಲ. ಅವರು ಅಳತೆ ಹಿಡಿದು ನೋಡಿದರು, ಮತ್ತೆ ನೋಡಿದರು. ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಹೇಳಬೇಕಾದದ್ದು ಆಗಲೇ. ಇಬ್ಬರಿಗೂ ಚಹಾ ಕೊಟ್ಟೆ.

"ತಪ್ಪು ನಂದರೀ. ಕಣ್ಣು ಕೈ ಕೊಟ್ಟಾವ. ಹೊಸಾದು ಮಾಡಿ ಕೊಡತೀನಿ," ಎಂದರು. ನನ್ನ ಕಡೆ ತಿರುಗಿ, "ನೀ ಎಣಸು ಬಾ. ನಿನ್ನ ಲೆಕ್ಕರ ಖರೇ ಇರತೈತಿ," ಎಂದರು.

ನಾನು ಹೋಗಿ ಎಣಿಸಿದೆ.

ಅದಾದ ಮೇಲೆ ಅವರು ಬೇರೆಯವರ ಕೆಲಸ ಹಿಡಿಯಲಿಲ್ಲ. ಯಾರಾದರೂ ಕೇಳಿದರೆ ಕಣ್ಣು ತೋರಿಸಿ ನಗುತ್ತಿದ್ದರು. ನಿಮ್ಮಪ್ಪ ಈಗಲೂ ಅಜ್ಜನ ಕಣ್ಣು ಬೇಗ ಹೋಯಿತು ಎನ್ನುತ್ತಾನೆ. ಹೋಗಿರಲಿಲ್ಲ, ಮಕ್ಕಳೇ. ಎಷ್ಟೋ ವರ್ಷ ನನ್ನ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವರು ಅವರೇ. ಅವತ್ತು ಗೆರೆ ದಾಟಿದ್ದನ್ನು ಹೇಳದೆ ಇಸಿದುಕೊಂಡು ಹೊಲಿಯುತ್ತಿದ್ದೆ.