ಕಂಬಳಿಯ ಮೇಲಿನ ಲ್ಯಾಪ್‌ಟಾಪ್

ಲ್ಯಾಪ್‌ಟಾಪಿನ ತಳ ಬಿಚ್ಚಿದ ಕೂಡಲೇ ಕುರಿಯ ವಾಸನೆ ಬಂತು. ಫ್ಯಾನಿನ ರೆಕ್ಕೆಗಳಿಗೆಲ್ಲ ಕರಿ ಉಣ್ಣೆ ಸುತ್ತಿಕೊಂಡಿತ್ತು. ಸ್ಕ್ರೂಡ್ರೈವರ್ ಕೆಳಗಿಟ್ಟು ಒಂದು ಎಳೆ ಬಿಡಿಸಿ ಮೂಗಿಗೆ ಹಿಡಿದೆ. ಪಕ್ಕದ ಮನೆಯ ಕಂಬಳಿ ತಾತ ಎದುರಿಗೇ ಬಂದ ಹಾಗಾಯಿತು...

ಚಳ್ಳಕೆರೆಯಲ್ಲಿ ನನ್ನದೊಂದು ಪುಟ್ಟ ಆನ್‌ಲೈನ್ ಸೆಂಟರ್. ಗೋಡೆಯಾಚೆ ತಾತನ ಮನೆ, ಅವರ ಕಂಬಳಿ ಮಗ್ಗ. ಅವರ ತಂಗಿಯನ್ನು ಕೊಂಡ್ಲಹಳ್ಳಿಗೆ ಕೊಟ್ಟಿದ್ದರು. ಆ ಅಜ್ಜಿಗೆ ಹುಟ್ಟಿನಿಂದಲೇ ಕಿವಿ ಕೇಳದು, ಮಾತೂ ಬಾರದು. ಚಿಕ್ಕಂದಿನಲ್ಲಿ ಉಳ್ಳಾರ್ತಿ ಕಾವಲಿನಲ್ಲಿ ಕುರಿ ಕಾಯುವಾಗ ಅಣ್ಣ ತಂಗಿ ದೂರದಿಂದಲೇ ಕೈಸನ್ನೆಯಲ್ಲಿ ಮಾತಾಡಲು ಕಲಿತಿದ್ದರು. ನೀರು ಸಿಕ್ಕಿತು, ಮಂದೆ ತಿರುಗಿಸು, ಉಂಡೆಯಾ... ಎಲ್ಲಕ್ಕೂ ಒಂದೊಂದು ಸನ್ನೆ. ಆ ಇಬ್ಬರನ್ನು ಬಿಟ್ಟರೆ ಅದು ಇನ್ಯಾರಿಗೂ ಪೂರಾ ತಿಳಿಯದು. ಅಜ್ಜಿಯ ಮನೆಯವರಿಗೂ ಅಷ್ಟಕ್ಕಷ್ಟೇ.

ಮಂಡಿ ನೋವಿನಿಂದ ತಾತ ಬಸ್ಸು ಹತ್ತುವುದು ನಿಂತ ಮೇಲೆ ತಂಗಿಯ ಮುಖ ನೋಡುವುದೂ ನಿಂತಿತು. ಫೋನಿನ ಪುಟ್ಟ ಪರದೆಯಲ್ಲಿ ಆಕೆಯ ಬೆರಳು ಅವರ ಕಣ್ಣಿಗೆ ಕಾಣುತ್ತಿರಲಿಲ್ಲ. ನನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟು, ಸೆಂಟರಿನ ವೈಫೈಗೆ ಸೇರಿಸಿದೆ. ದಿನಾ ಸಂಜೆ ವಿಡಿಯೊ ಕಾಲ್. ಗೋಡೆಯಾಚೆಯಿಂದ ಮಾತೇ ಇಲ್ಲ, ತಾತನ ನಗು ಮಾತ್ರ ಕೇಳುತ್ತಿತ್ತು.

ಒಂದು ದಿನ ಬಾಗಿಲಿಗೆ ಬಂದು ನಿಂತರು. ಮುಖ ಬಾಡಿತ್ತು.

"ನೋಡವ್ವ, ತಂಗಿ ಬರ್ತಾ ಇಲ್ಲ. ಮಿಷನ್ನಿಗೆ ಏನೋ ಆಗೈತೆ."

ಹೋಗಿ ನೋಡಿದೆ. ವೈಫೈ ಗುರುತೇ ಮಾಯ. ಸೆಟ್ಟಿಂಗ್ಸ್ ಒಳಗೆಲ್ಲ ಹುಡುಕಿದರೂ ವೈಫೈ ಕಾರ್ಡಿನ ಹೆಸರೇ ಇಲ್ಲ. ಡ್ರೈವರ್ ಮತ್ತೆ ಹಾಕಿದೆ, ಬ್ಯಾಟರಿ ತೆಗೆದು ಹಾಕಿದೆ, ಊಹೂಂ. ಆಗ ಕಣ್ಣಿಗೆ ಬಿತ್ತು, ಅದರ ಕೆಳಗೆ ದಪ್ಪಗೆ ಮಡಿಸಿದ ಕಂಬಳಿ. ತಳ ಬಿಚ್ಚಿದರೆ ಫ್ಯಾನು ಉಣ್ಣೆಯನ್ನು ಒಳಗೆಳೆದುಕೊಂಡಿತ್ತು, ಕಾರ್ಡು ಕೂರುವ ಸಂದಿಯವರೆಗೂ ಎಳೆಗಳು ಹೊಕ್ಕಿದ್ದವು. ನನಗೆ ಸಿಟ್ಟು ನೆತ್ತಿಗೇರಿತು.

"ತಾತಾ, ಇದೇನು ಚಳಿ ಆಗೋ ಕೂಸಾ? ಕಂಬಳಿ ಯಾಕ್ ಹಾಸಿದ್ರಿ?"

"ಗದ್ದಿಗೆ ಕಣವ್ವ. ದೇವರು ಕೂರ್ಸಾಕೂ ಕಂಬಳಿ ಹಾಸ್ತೀವಿ, ಮನೆಗೆ ಬಂದ ಹೆಣ್ಮಗಳಿಗೂ ಹಾಸ್ತೀವಿ. ನನ್ ತಂಗಿ ಬರೋ ಜಾಗ ಇದು. ಬರೀ ಹಲಗೆ ಮ್ಯಾಲೆ ಹೆಂಗೆ ಕೂರ್ಸ್ಲಿ?"

ಕಾರ್ಡು ಬಿಚ್ಚಿ, ಅದರ ಹೊಂಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ, ಉಣ್ಣೆ ಬಿಡಿಸಿ ಕೂರಿಸಿದೆ. ವೈಫೈ ಬಂತು. ಇನ್ನು ಹಲಗೆಯ ಮೇಲೇ ಇಡಬೇಕೆಂದು ಕಟ್ಟುನಿಟ್ಟಾಗಿ ಹೇಳಿದೆ. ಹೂಂ ಅಂದರು. ಮರುದಿನ ಇಣುಕಿದರೆ ಕಂಬಳಿ ಯಥಾಪ್ರಕಾರ ಅಲ್ಲೇ! ಆಮೇಲೆ ಆಗಾಗ ಬೈಯುತ್ತಲೇ ಹೋಗಿ ಬಿಚ್ಚಿ ಕೊಡುವುದು ನನ್ನ ಕೆಲಸವೇ ಆಯಿತು. ಹಾಗೆ ಹೋದಾಗ ಒಂದು ಸನ್ನೆ ಕಲಿಸಿದರು. ಬೆರಳು ಕೂಡಿಸಿ ಬಾಯಿಗೆ ತಂದು, ಅಂಗೈ ಅಗಲಿಸುವುದು. ಉಂಡೆಯಾ? ಉಳಿದದ್ದು ನಿಧಾನಕ್ಕೆ ಕಲಿತರಾಯಿತು ಅಂದುಕೊಂಡಿದ್ದೆ...

ತಾತ ಹೋದರು. ತಂಗಿ ಮಣ್ಣಿಗೆ ಬಂದಿದ್ದರು. ದಿನ ಕಾರ್ಯ ಮುಗಿದ ಮೇಲೆ ತಾತನ ಮಗ ಲ್ಯಾಪ್‌ಟಾಪನ್ನು ಅದೇ ಕಂಬಳಿಯಲ್ಲಿ ಸುತ್ತಿ ತಂದುಕೊಟ್ಟ. ಬೀರುವಿನಲ್ಲಿಟ್ಟುಬಿಟ್ಟೆ. ನಿನ್ನೆ ಕೊಂಡ್ಲಹಳ್ಳಿಯಿಂದ ಅಜ್ಜಿಯ ಸೊಸೆ ಫೋನ್ ಮಾಡಿದಳು.

"ಅಕ್ಕಾ, ಅತ್ತೆ ದಿನಾ ಸಂಜೆ ಫೋನ್ ಹಿಡ್ಕಂಡು ಕೂತ್ಕಂತಾರೆ. ಅವರಣ್ಣನ ಫೋಟೊ ಬರೋ ಕಾಲೇ ಬರ್ಬೇಕು ಅವರಿಗೆ. ಒಂದ್ಸಲ ಮಾಡ್ರಿ."

ತಾತನ ಫೋಟೊ ಹಾಕಿದ್ದ ಖಾತೆ ಇದ್ದದ್ದು ಈ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅದಕ್ಕೇ ಇವತ್ತು ಬೀರುವಿನಿಂದ ತೆಗೆದದ್ದು. ಮತ್ತೆ ಕಾರ್ಡು ಕಾಣಿಸಲಿಲ್ಲ, ಮತ್ತೆ ಬಿಚ್ಚಿ ಉಣ್ಣೆ ತೆಗೆದೆ. ರಬ್ಬರಿನಿಂದ ಉಜ್ಜಿ ಕೂರಿಸಿದ ಮೇಲೆ ವೈಫೈ ಬಂತು. ಮೇಜಿನ ಮೇಲೆ ಇಡಲು ಹೋದವಳಿಗೆ ಮನಸ್ಸಾಗಲಿಲ್ಲ. ಕೆಡುತ್ತದೆಂದು ಗೊತ್ತಿದ್ದೂ ಕಂಬಳಿ ಮಡಿಸಿ ಹಾಸಿ, ಅದರ ಮೇಲಿಟ್ಟೆ.

ಅಜ್ಜಿಯ ಮುಖ ಬಂತು. ಬೆರಳು ಕೂಡಿಸಿ ಬಾಯಿಗೆ ತಂದು, ಅಂಗೈ ಅಗಲಿಸಿದೆ. ಆಕೆಯ ಕಣ್ಣು ತುಂಬಿತು, ತಲೆಯಾಡಿಸಿದರು. ಆಮೇಲೆ ಎರಡೂ ಕೈ ಎತ್ತಿ ದೂರಕ್ಕೆ ತೋರಿ, ಎದೆಗೆ ತಂದುಕೊಂಡರು. ನನಗೆ ತಿಳಿಯಲಿಲ್ಲ. ಮಗುವಿಗೆ ಹೇಳಿಕೊಡುವ ಹಾಗೆ ನಿಧಾನವಾಗಿ ಇನ್ನೊಮ್ಮೆ ಮಾಡಿದರು. ಆಗಲೂ ತಿಳಿಯಲಿಲ್ಲ... ಇದೇನೆಂದು ತಾತನನ್ನು ಕೇಳೋಣವೆಂದು ಪಕ್ಕದ ಮನೆಯ ಕಡೆ ತಿರುಗಿದೆ.