ಮಶೀನಿಗೆ ಹೋದ ಅಣ್ಣನ ಹಲಗಿ

ಅಣ್ಣನಿಗೆ ಹೇಳಬೇಕಾಗಿದ್ದ ಒಂದು ಮಾತನ್ನು ನಾನು ಆರು ವರ್ಷ ಹೇಳಲಿಲ್ಲ. ಮರೆತಿದ್ದೆ ಅಂತಲ್ಲ. ಮುಂಬೈಯ ಕುರ್ಲಾದ ನಮ್ಮ ಖೋಲಿಯಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಊಟ ಮಾಡುತ್ತಿದ್ದೆವು. ಬಾಯಿಗೆ ಬಂದ ಮಾತನ್ನು ರೊಟ್ಟಿಯ ಜೊತೆ ಎಷ್ಟೋ ಸಲ ನುಂಗಿದ್ದೇನೆ.

ನಮ್ಮ ಅಪ್ಪ ವಿಜಯಪುರದ ಕಡೆಯವನು. ಅಣ್ಣನಿಗೆ ಹಲಗಿ ಕಲಿಸಿದವನು ಅವನೇ. ಚರ್ಮದ ಆ ಚಪ್ಪಟೆ ವಾದ್ಯವನ್ನು ಎಡಭುಜಕ್ಕೆ ತೂಗುಹಾಕಿಕೊಂಡು, ಬಲಗೈಯಲ್ಲಿ ಗಿಡ್ಡ ಕೋಲು, ಎಡಗೈಯಲ್ಲಿ ತೆಳ್ಳನೆಯ ಕಡ್ಡಿ ಹಿಡಿದು ಅಣ್ಣ ಶುರು ಮಾಡಿದರೆ ಚಾಳಿನವರೆಲ್ಲ ಬಾಗಿಲಿಗೆ ಬರುತ್ತಿದ್ದರು. ನನಗೆ ಹಲಗಿ ಬರಲಿಲ್ಲ. ಶಾಲೆಯೂ ಅಷ್ಟಕ್ಕಷ್ಟೆ, ಮುನಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಕೂತೆ. ನನ್ನ ಕೈಗೆ ಹತ್ತಿದ್ದು ಪ್ಯಾಡ್.

ಮುಂಬೈಯಲ್ಲಿ ಮದುವೆಗೆ, ಅರಿಶಿನ ಹಚ್ಚುವ ಹಳದಿ ಕಾರ್ಯಕ್ಕೆ ಬಾರಿಸುವವರ ತಂಡಕ್ಕೆ ಬ್ಯಾಂಜೊ ಪಾರ್ಟಿ ಎನ್ನುತ್ತಾರೆ. ನಾವಿಬ್ಬರೂ ಅಂಥದೊಂದು ಪಾರ್ಟಿಯಲ್ಲಿದ್ದೆವು. ಅಣ್ಣ ಮುಂದೆ ನಡೆಯುತ್ತ ಹಲಗಿ ಬಾರಿಸುತ್ತಿದ್ದ. ನಾನು ಹಿಂದೆ ಟೆಂಪೋದಲ್ಲಿ ತಾಳ ಹಿಡಿಯುತ್ತಿದ್ದೆ. ಒಂದು ದಿನ ಪಾರ್ಟಿಯ ಮಾಲಕ ಎಂಟು ರಬ್ಬರಿನ ಚೌಕಗಳಿದ್ದ ಪೆಟ್ಟಿಗೆ ತಂದು, ಇದು ಪ್ಯಾಡ್ ಎಂದು ನನ್ನ ಮುಂದಿಟ್ಟ. ಒಂದು ಚೌಕಕ್ಕೆ ಕೋಲು ತಾಗಿಸಿದೆ, ಗಾಜು ಒಡೆಯಿತು. ಇನ್ನೊಂದಕ್ಕೆ ತಾಗಿಸಿದೆ, ಗುಡುಗು. ಒಂದರಲ್ಲಿ ನೀರಿನ ಹನಿ, ಒಂದರಲ್ಲಿ ನಾಯಿ. ವಯರ್ ಕಿತ್ತು ಹೊಡೆದರೆ ಮಾತ್ರ ಚಪ್ಪಲಿಯಿಂದ ಗೋಡೆ ಬಡಿದ ಸದ್ದು. ಹಾಗಾದರೆ ಗುಡುಗು ಎಲ್ಲಿ ಕೂತಿರುತ್ತದೆ? ರಬ್ಬರಿಗೆ ಕಿವಿ ಹಚ್ಚಿ ನೋಡಿದೆ. ಅಣ್ಣ ನಕ್ಕ.

"ಏನೋ, ಒಳಗ ಯಾರರ ಅದಾರೇನು?"

"ಇದ್ದಂಗ ಅದ ಅಣ್ಣಾ."

"ಚಹಾ ಬೇಕೇನು ಕೇಳು."

ಆಗ ರಿಕ್ಷಾದಲ್ಲಿ, ಅಂಗಡಿಯಲ್ಲಿ, ಮೊಬೈಲಿನ ರೀಲ್ಸಿನಲ್ಲಿ, ಎಲ್ಲೆಡೆ ಹಾಡಿನ ಸದ್ದೇ ಬದಲಾಗುತ್ತಿತ್ತು. ಹೊಟ್ಟೆಯೊಳಗೆ ಗುಂಯ್ ಎನ್ನುವ ಬೇಸ್, ಅದರ ಮೇಲೆ ಯಾವ ವಾದ್ಯದ್ದೆಂದು ಹೇಳಲಾಗದ ಸದ್ದುಗಳು. ಮದುವೆಯ ಹುಡುಗರು ನಮ್ಮನ್ನೂ ಅದನ್ನೇ ಕೇಳುತ್ತಿದ್ದರು. ಜೊತೆಗೆ ಹಲಗಿಯೂ ಬೇಕು ಎನ್ನುತ್ತಿದ್ದರು. ಆದರೆ ಬೇಸ್ ಶುರುವಾದರೆ ಅಣ್ಣನ ಹಲಗಿ ಕೇಳುತ್ತಿರಲಿಲ್ಲ. ಪ್ಯಾಡಿನೊಳಗೂ ಒಂದು ಹಲಗಿ ಇತ್ತು, ಅದು ಎಣ್ಣೆಯ ಡಬ್ಬಿ ಬಡಿದಂತಿತ್ತು. ಆಗ ಮಾಲಕ ನನ್ನನ್ನು ಬದಿಗೆ ಕರೆದು ಅಂದ, "ತೇರೇ ಭಾಯಿ ಕಾ ಹಾಥ್ ಮಶೀನ್ ಮೇ ಡಾಲ್ ದೇ." ನಿನ್ನ ಅಣ್ಣನ ಕೈಯನ್ನೇ ಮಶೀನಿಗೆ ಹಾಕಿಬಿಡು. ಆಮೇಲೆ ಪಾರ್ಟಿಯಲ್ಲಿ ಒಂದು ಜಾಗ ಕಡಿಮೆ ಆಗುತ್ತದೆ ಎಂದೂ ಅಂದ. ಹೋಗುವವನು ಅಣ್ಣ, ಇಲ್ಲವಾದರೆ ನಾನು ಎಂದು ನನಗೆ ಅಲ್ಲೇ ತಿಳಿಯಿತು.

ಅಣ್ಣನಿಗೆ ನಾನು ಹೇಳಿದ್ದು ಬೇರೆ. ಮನೆಯಲ್ಲಿ ಕೂತು ಕಲಿಯಲು ನಿನ್ನ ಸದ್ದು ಬೇಕು ಅಂದೆ. ತಮ್ಮ ಕೊನೆಗೂ ಹಲಗಿ ಕಲಿಯುತ್ತಾನೆಂದು ಅವನಿಗೆ ಖುಷಿಯಾಯಿತು.

ಗೋರೆಗಾಂವ್‌ನಲ್ಲಿ ಒಬ್ಬ ರೆಕಾರ್ಡಿಂಗ್ ಮಾಡುವವನ ಖೋಲಿಗೆ ಹೋದೆವು. ಗೋಡೆಗೆಲ್ಲ ಸ್ಪಂಜು, ನಡುವೆ ಒಂದು ಮೈಕು. ಅವನು ಒಂದೇ ಏಟು ಹೊಡೆದು ಸುಮ್ಮನಿರಲು ಹೇಳಿದ. ಅಣ್ಣನಿಗೆ ಅದು ಆಗಲೇ ಇಲ್ಲ. ಒಂದು ಹೊಡೆದರೆ ಕೈ ತಾನಾಗಿ ಎರಡನೆಯದಕ್ಕೆ ಹೋಗುತ್ತಿತ್ತು.

"ಒಂದs ಹೊಡದು ನಿಂದರೂದು ಹೆಂಗೋ? ಒಂದs ಕಾಲಾಗ ನಡಿ ಅಂದಂಗಾತು."

ಕೊನೆಗೆ ನಾನು ಅವನ ಎಡಗೈ ಹಿಡಿದುಕೊಂಡೆ. ಅವನು ಬಲಗೈಯಿಂದ ಒಂದೊಂದೇ ಏಟು ಕೊಟ್ಟ. ನಡುವಿಗೆ, ಅಂಚಿಗೆ, ಚರ್ಮ ಒತ್ತಿ, ಒತ್ತದೆ. ಆಮೇಲೆ ಬಲಗೈ ಹಿಡಿದೆ, ಎಡಗೈ ಹೊಡೆಯಿತು. ಇನ್ನೊಂದು ತೊಂದರೆ ಎಂದರೆ ಎಸಿ. ಹಲಗಿಯ ಚರ್ಮ ಬೆಂಕಿಗೆ ಕಾದಿದ್ದರೆ ಮಾತ್ರ ಖಣ್ ಎನ್ನುತ್ತದೆ, ತಂಪಾದರೆ ಸಡಿಲಾಗುತ್ತದೆ. ಪ್ರತಿ ಐದು ನಿಮಿಷಕ್ಕೊಮ್ಮೆ ಅಣ್ಣ ಕೆಳಗಿಳಿದು ಚಹಾದವನ ಸ್ಟೋವಿಗೆ ಹಲಗಿ ಹಿಡಿದು ಬರುತ್ತಿದ್ದ. ಚಹಾದವನು ಬೈಯತೊಡಗಿದ್ದರಿಂದ ಕೊನೆಯ ಏಟನ್ನು ಕಾಸದೆಯೇ ಹೊಡೆದ. ಅದು ದಪ್ ಎಂದು ಕೂತಿತು. ಸಾಕು, ನಡೆಯುತ್ತದೆ ಅಂದೆ.

ಮುಂದಿನ ಹಳದಿಗೆ ಮಾಲಕ ಅಣ್ಣನನ್ನು ಕರೆಯಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅಣ್ಣ ಕೇಳಿದಾಗ ನಾನು ಸೀದಾ ಮುಖ ನೋಡಿ ಹೇಳಿದೆ: "ಜನಕ್ಕ ಈಗ ಹಲಗಿ ಬ್ಯಾಡಾಗ್ಯಾದ ಅಣ್ಣಾ. ಎಲ್ಲಾ ಮಶೀನಿಂದ ಕೇಳತಾರ."

ಕಾಲ ಬದಲಾಯಿತು ಅಂದುಬಿಟ್ಟರೆ ಯಾರ ತಪ್ಪೂ ಇರುವುದಿಲ್ಲ. ಅಣ್ಣನೂ ನಂಬಿದ. ಹಲಗಿಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ, ಮುಲುಂಡಿನ ಒಂದು ಬಿಲ್ಡಿಂಗಿಗೆ ವಾಚ್‌ಮನ್ ಆಗಿ ಸೇರಿಕೊಂಡ. ಅದೇ ವಾರ ನಾನು ಟೆಂಪೋದಲ್ಲಿ ನಿಂತು ಅವನ ಏಟುಗಳನ್ನು ಪ್ಯಾಡಿನಿಂದ ಬೇಸಿನ ಮೇಲೆ ಬಿಟ್ಟೆ. ಹುಡುಗರು ಹಲಗಿ, ಹಲಗಿ ಎಂದು ಕೂಗಿ ಕುಣಿದರು.

ಆಮೇಲೆ ನಡೆದದ್ದು ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ. ಮಾಲಕ ಆ ಸದ್ದನ್ನು ಪೆನ್‌ಡ್ರೈವಿಗೆ ಹಾಕಿ ಯಾರಿಗೋ ಕೊಟ್ಟ, ಅವರು ಇನ್ನಾರಿಗೋ ಕೊಟ್ಟರು. ಒಂದು ಸಲ ಕುರ್ಲಾ ಸ್ಟೇಷನ್ ಹೊರಗೆ ಮೊಬೈಲ್ ಕವರ್ ಮಾರುವವನ ಸ್ಪೀಕರಿನಲ್ಲಿ ಕೇಳಿ ನಿಂತುಬಿಟ್ಟೆ. ಇದು ಅದೇನಾ? ಯಾರೋ ಅದನ್ನು ಎಳೆದು ಉದ್ದ ಮಾಡಿದ್ದರು, ಮೇಲೆ ಹೆಂಗಸೊಬ್ಬಳ ದನಿ ಇತ್ತು. ನಾನು ಕಾದೆ. ಎಂಟನೆಯ ಏಟಿಗೆ ಬಂತು, ಆ ಕಾಸದ ದಪ್. ಅಂದಿನಿಂದ ನನಗೊಂದು ಚಟವೇ ಆಯಿತು. ಲೋಕಲ್ಲಿನಲ್ಲಿ ಯಾರದೋ ಮೊಬೈಲು, ರಿಕ್ಷಾದ ಹಿಂದಿನ ಸ್ಪೀಕರು, ಎಲ್ಲಿ ಹಲಗಿ ಕೇಳಿದರೂ ಆ ಏಟಿಗೆ ಕಾಯುವುದು. ಸಿಕ್ಕಾಗ ಊರಿನವನೊಬ್ಬ ಎದುರಾದ ಹಾಗೆ ಹಿಗ್ಗು. ಮರುಕ್ಷಣವೇ ಅಲ್ಲಿಂದ ದೂರ ಸರಿಯುತ್ತಿದ್ದೆ. ಊರೆಲ್ಲ ಅಣ್ಣನ ಕೈಗೆ ಕುಣಿಯುತ್ತಿತ್ತು. ಅಣ್ಣನೊಬ್ಬ ಮಾತ್ರ ತನ್ನ ಕೈ ಯಾರಿಗೂ ಬೇಡವಾಯಿತು ಎಂದುಕೊಂಡು ಗೇಟು ತೆಗೆಯುತ್ತಿದ್ದ.

ಹೋದ ಚಳಿಗಾಲದ ಒಂದು ಭಾನುವಾರ ಮಧ್ಯಾಹ್ನ ಅವನಿಗೆ ಡಬ್ಬಿ ಕೊಡಲು ಮುಲುಂಡಿಗೆ ಹೋದೆ. ಅವನ ಬಿಲ್ಡಿಂಗಿನ ಕಂಪೌಂಡಿನಲ್ಲೇ ಯಾರದೋ ಹಳದಿ. ಬೇರೆ ಪಾರ್ಟಿ, ನನಗೆ ಪರಿಚಯದವರಲ್ಲ. ಪ್ಯಾಡಿನವನು ಶುರು ಮಾಡಿದ ಕೂಡಲೇ ನನಗೆ ಗೊತ್ತಾಯಿತು. ಡಬ್ಬಿ ಕೊಟ್ಟು ಓಡಿಬಿಡೋಣ ಎನಿಸಿತು. ಅಷ್ಟರಲ್ಲಿ ಅಣ್ಣ ತಲೆ ಒಂದು ಕಡೆಗೆ ಬಾಗಿಸಿ ಕೇಳುತ್ತ ನಿಂತಿದ್ದ.

"ತಮ್ಮಾ, ಹೊಡದಾಂವ ಯಾರೋ ತಿಳದಾಂವ ಇದ್ದಾನ," ಅಂದ. "ಆದರ ಒಂದು ಏಟು ನೋಡು, ಹಲಗಿ ಕಾಸಿಲ್ಲ ಮಗ. ಮೈಗಳ್ಳ."

ನನಗೆ ನಗು ಬಂತು, ತಡೆಯಲಾಗಲಿಲ್ಲ. ಆಮೇಲೆ ಅಳು ಬಂದಂತಾಯಿತು.

"ಅಣ್ಣಾ, ಅದು ನಿಂದು."

"ಯಾವದು?"

"ಆ ಹಲಗಿ. ಗೋರೆಗಾಂವ್‌ದಾಗ ಹೊಡದಿದ್ದಿಯಲ್ಲ, ಚಹಾದಾಂವ ಬೈದಿದ್ದನಲ್ಲ."

ಅವನು ಪ್ಯಾಡಿನವನ ಕಡೆ ನೋಡಿದ, ತನ್ನ ಕೈ ನೋಡಿಕೊಂಡ. "ನಾ ಇಲ್ಲಿ ನಿಂತೀನಲ್ಲೋ," ಅಂದ. ಮತ್ತೆ ಕೇಳಿದ. ಸಿಟ್ಟು ಬರುತ್ತದೆ ಎಂದು ಕಾದಿದ್ದೆ, ಅವನಿಗೆ ಬಂದದ್ದು ಪ್ರಶ್ನೆಗಳು. ಎಡಗೈದು ಯಾವುದು? ಇಷ್ಟು ಜೋರು ಹೆಂಗ ಓಡಸತಾರ? ನಾ ನಿಲ್ಲಿಸಿದಲ್ಲಿ ಅದೂ ನಿಲ್ಲತದೇನು? ನಾನು ಗೊತ್ತಿದ್ದಷ್ಟು ಹೇಳಿದೆ. ಅವನ ಬೆರಳುಗಳು ವಿಸಿಟರ್ ರಜಿಸ್ಟರಿನ ಮೇಲೆ ಆ ತಾಳವನ್ನು ಹುಡುಕುತ್ತಿದ್ದವು. ಅಂಗಳದಲ್ಲಿ ಹಳದಿ ಬಳಿದುಕೊಂಡ ಹೆಂಗಸರು, ಮುದುಕರು, ಎಲ್ಲರೂ ಕುಣಿಯುತ್ತಿದ್ದರು.

ಒಮ್ಮೆಲೇ ಬೆರಳು ನಿಂತವು.

"ಅಂದರ ಜನಕ್ಕ ಹಲಗಿ ಬೇಕಾಗಿತ್ತು?"

ನಾನು ಉತ್ತರ ಕೊಡುವ ಮೊದಲು ಒಂದು ಕಾರು ಹಾರ್ನ್ ಹೊಡೆಯಿತು. ಅವನು ಹೋಗಿ ಗೇಟು ತೆಗೆದ, ಕಾರು ಒಳಗೆ ಬಿಟ್ಟ, ನಂಬರು ಬರೆದುಕೊಂಡ. ಗೇಟು ಹಾಕಿ ಬಂದು ನನ್ನ ಎದುರು ನಿಂತ. ಸ್ಪೀಕರಿನ ಸದ್ದಿಗೆ ನನ್ನ ಮಾತು ಕೇಳಿಸದೆ ಹೋದೀತೆಂದು ನಾನು ದನಿ ಎತ್ತಿಯೇ ಹೇಳಬೇಕಾಯಿತು.

"ಬೇಕಾಗಿತ್ತು ಅಣ್ಣಾ. ಒಂದು ದಿನಾನೂ ಬ್ಯಾಡಾಗಿರಲಿಲ್ಲ. ನನ್ನ ಜಾಗಾ ಉಳಿಸ್ಕೋಳಾಕ ನಿನ್ನ ಕೈ ಮಶೀನಿಗೆ ಕೊಟ್ಟು, ನಿನಗ ಸುಳ್ಳ ಹೇಳಿದೆ. ನಂದು ತಪ್ಪಾತು."