ಗೂಡಿನ ಬಾಯಿ ಮುಚ್ಚುವ ತನಕ

ನಂದಗುಡಿ ಕಡೆಯ ನಮ್ಮ ಹೊಲದಲ್ಲಿ ನಾನು ಇಟ್ಟಿಗೆ ಗೂಡು ಹಾಕಿದಾಗ ಊರಲ್ಲಿ ಯಾರೂ ಬೇಡ ಅನ್ನಲಿಲ್ಲ. ಬೆಂಗಳೂರು ಬೆಳೆಯುತ್ತಿತ್ತು, ಇಟ್ಟಿಗೆ ಬೇಕಿತ್ತು. ರಾಗಿ ಬೆಳೆಯುತ್ತಿದ್ದ ಮೇಲ್ಮಣ್ಣನ್ನು ಜೆಸಿಬಿಯಲ್ಲಿ ಕೆರೆಸಿ ಅಚ್ಚಿಗೆ ಹಾಕಿದೆ. ಸುಡಲು ದಿಣ್ಣೆಯ ನೀಲಗಿರಿ ತೋಪು ಕಡಿಸಿದೆ. ಅದು ಮುಗಿದ ಮೇಲೆ ಅಕ್ಕಪಕ್ಕದವರ ತೋಪುಗಳೂ ನನ್ನ ಗೂಡಿಗೇ ಬಂದವು. ಹೊಲವನ್ನೂ ಮರವನ್ನೂ ಒಟ್ಟಿಗೆ ಸುಟ್ಟು ಮಾರಿದ ಮಹಾನುಭಾವ ನಾನು. ಅದನ್ನು ಏಳಿಗೆ ಎಂದೇ ತಿಳಿದಿದ್ದೆವು.

ದೇವನಹಳ್ಳಿ ರಸ್ತೆಯಲ್ಲಿ ನನ್ನ ಇಟ್ಟಿಗೆಯಿಂದ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಮುಂದೆ 'ಪರಿಸರಸ್ನೇಹಿ ಕಟ್ಟಡ' ಎಂಬ ಬೋರ್ಡಿತ್ತು. ಲೋಡು ಇಳಿಸಲು ಹೋದಾಗ ಓದಿ ನಕ್ಕಿದ್ದೆ. ಹೊಗೆಯೆಲ್ಲ ನಮ್ಮೂರಲ್ಲೇ ಉಳಿದಿತ್ತಲ್ಲ, ಅಲ್ಲಿ ಆಕಾಶ ಶುಭ್ರವಾಗಿಯೇ ಕಾಣುತ್ತಿತ್ತು.

ಆ ಹೊಗೆ ನನ್ನ ಹೆಂಡತಿಯ ಎದೆ ಸೇರಿತು. ಗೂಡು ಮನೆಯಿಂದ ಕೂಗಳತೆಯಲ್ಲಿತ್ತು. ಮೊದಲು ಕೆಮ್ಮು, ಆಮೇಲೆ ಉಬ್ಬಸ. "ಮನೇಲಿ ಬೀಡಿ ಸಿಗರೇಟು ಯಾರು ಸೇದ್ತೀರಿ?" ಎಂದು ಹೊಸಕೋಟೆಯ ಡಾಕ್ಟರು ಕೇಳಿದರು. ಯಾರೂ ಇಲ್ಲ ಎಂದು ನಾನು ಜಂಬದಿಂದ ಹೇಳಿದೆ. ಗೂಡಿನ ವಿಷಯ ಹೇಳಿದ್ದು ಅವಳು. ಉರಿಯುವ ದಿನಗಳಲ್ಲಿ ಅವಳು ಊರಲ್ಲಿರಲೇಬಾರದು, ಜೀವಕ್ಕೆ ಅಪಾಯ ಎಂದರು.

ಆದರೆ ಮೊದಲ ಬೆಂಕಿಯನ್ನು ಮನೆಯ ಹೆಂಗಸೇ ಇಡುವುದು ನಮ್ಮಲ್ಲಿ ನಡೆದು ಬಂದದ್ದು. ಆ ಸಲವೂ ಅವಳೇ ಕರ್ಪೂರ ಹಚ್ಚಿ ಇಟ್ಟಳು. "ಇನ್ನು ತವರಿಗೆ ಹೋಗ್ತೀನಿ" ಎಂದಳು. ಕೆಲಸದವರಿಗೆ ಅಡುಗೆ ಯಾರು ಮಾಡುತ್ತಾರೆ ಎಂದು ನಾನೇ ತಡೆದೆ.

ಹೊತ್ತಿಸಿದ ಗೂಡನ್ನು ನಡುವೆ ಬಿಡುವಂತಿಲ್ಲ. ಉರಿ ತುದಿ ಮುಟ್ಟಿದ ಮೇಲೆ ಸೌದೆ ತುರುಕುವ ಬಾಯಿಗಳಿಗೆಲ್ಲ ಕೆಸರು ಮೆತ್ತಬೇಕು. ತಡವಾದರೆ ತಣ್ಣನೆಯ ಗಾಳಿ ನುಗ್ಗಿ ಇಟ್ಟಿಗೆ ಬಿರಿಯುತ್ತವೆ. ಮೂರನೆಯ ದಿನ ಬೆಳಿಗ್ಗೆ ನಾವು ಮೆತ್ತುತ್ತಿದ್ದಾಗ ಗಾಳಿ ಮನೆಯ ಕಡೆ ತಿರುಗಿತ್ತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಬಂದು ನಿಂತಳು.

"ರೀ, ಉಸಿರು ಸಿಗ್ತಿಲ್ಲ."

"ಆಸ್ಪತ್ರೆಗೆ ಹೋಗೋಣ, ವ್ಯಾನಲ್ಲಿ ಕೂತ್ಕೊ. ಎರಡೇ ಬಾಯಿ ಉಳಿದವೆ, ಬಂದ್ಬಿಟ್ಟೆ."

ಎರಡಲ್ಲ, ಐದು ಉಳಿದಿದ್ದವು. "ಹೋಗಣ್ಣೋ, ನಾವು ನೋಡ್ಕೋತೀವಿ" ಎಂದು ಕೆಲಸದವರು ಅಂದರು. ಅವರು ಸರಿಯಾಗಿ ಮೆತ್ತುವುದಿಲ್ಲ ಎಂಬ ಅನುಮಾನ ನನಗೆ. ಐದನ್ನೂ ಮುಚ್ಚಿ, ಕೈ ತೊಳೆದು ವ್ಯಾನಿನ ಹತ್ತಿರ ಹೋದಾಗ ಅವಳ ತುಟಿ ನೀಲಿಗಟ್ಟಿತ್ತು. ನನ್ನ ಮೇಲೆ ನನಗಿರುವ ಅಸಹ್ಯ ಶುರುವಾದದ್ದು ಅಲ್ಲಿಂದ.

ಜೀವ ಉಳಿಯಿತು. ಆದರೆ ಶ್ವಾಸಕೋಶ ಮೊದಲಿನಂತಾಗುವುದಿಲ್ಲ, ಮನೆಯಲ್ಲೂ ಆಕ್ಸಿಜನ್ ಇರಬೇಕು ಎಂದು ಡಾಕ್ಟರು ಹೇಳಿದರು. ಆಸ್ಪತ್ರೆ ಸೇರಿದ ನಾಲ್ಕನೆಯ ದಿನ ಮುಖದ ಮಾಸ್ಕು ತೆಗೆದಾಗ ಅವಳು ಬೈಯಲಿ ಎಂದು ಕಾದು ಕೂತಿದ್ದೆ.

"ಇಟ್ಟಿಗೆ ಚೆನ್ನಾಗಿ ಬೆಂದ್ವಾ?" ಎಂದು ಕೇಳಿದಳು.

ಕುಹಕವಿರಲಿಲ್ಲ. ನಿಜವಾಗಿಯೂ ಅದೇ ಚಿಂತೆ ಅವಳಿಗೆ.

"ಒಂದೂ ಬಿರಿದಿಲ್ಲ" ಎಂದೆ.

"ಸದ್ಯ" ಎಂದು ನಿಟ್ಟುಸಿರು ಬಿಡಲು ಹೋದಳು. ಅದು ಅರ್ಧಕ್ಕೇ ಕೆಮ್ಮಾಯಿತು.